ಚಕ್ಕಡಿಯೂ ಸ್ಪೋರ್ಟ್ಸ್ ಕಾರೂ: ಸ್ಪ್ರಿಂಗಿನ ಇತಿಹಾಸದಲ್ಲೊಂದು ವಿಚಾರ

ಜಮಖಂಡಿ ತಾಲ್ಲೂಕಿನ ಸಾವಳಗಿಯ ಸುತ್ತಣ ಹೊಲಗಳಲ್ಲಿ ತಲೆಮಾರುಗಳಿಂದ ಹೊರೆ ಹೊತ್ತ ಚಕ್ಕಡಿಗೆ ಸ್ಪ್ರಿಂಗ್ ಇರಲಿಲ್ಲ. ಭಾರವೆಲ್ಲ ನೇರವಾಗಿ ಅಚ್ಚಿನ ಮೇಲೆ ಕೂರುತ್ತಿತ್ತು. ಇದನ್ನು ಹಿಂದುಳಿದ ಸ್ಥಿತಿಯ ಕುರುಹೆಂದು ಬಗೆಯುವುದುಂಟು. ಆ ಎಣಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪರಿಶೀಲಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಸ್ಪ್ರಿಂಗಿನ ಹಿಗ್ಗುಕುಗ್ಗುಗಳು ಅದರ ಮೇಲಣ ಬಲಕ್ಕೆ ಅನುಪಾತದಲ್ಲಿರುವುವೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. 1804ರಲ್ಲಿ ಇಂಗ್ಲೆಂಡಿನ ಒಬಡೈಯ ಎಲಿಯಟ್ ಉಕ್ಕಿನ ಪಟ್ಟಿಗಳ ಅಂಡಾಕಾರದ ಕಮಾನಿಗೆ ಪೇಟೆಂಟು ಪಡೆದನು. ಮುಂದಿನ ದಶಕಗಳಲ್ಲಿ ಮೆಕಾಡಮನ ಜಲ್ಲಿರಸ್ತೆಗಳು ಹರಡಿದುವು. ಹಗುರವಾದ ಕುದುರೆಗಾಡಿಯ ವೇಗಕ್ಕೆ ಕಮಾನೂ ರಸ್ತೆಯೂ ಒಟ್ಟಾಗಿ ಒದಗಿದುವೆಂಬುದು ಗಮನಾರ್ಹ.

ಸ್ಪ್ರಿಂಗಿನಿಂದ ವಾಹನಕ್ಕೆ ದೊರೆಯುವ ಎತ್ತರ ಮತ್ತು ಬಿಗುವು ಬೇರೆಬೇರೆ ಗುಣಗಳು. ಸ್ಪೋರ್ಟ್ಸ್ ಕಾರಿನಲ್ಲಿ ಇದು ಸ್ಪಷ್ಟವಾಗುತ್ತದೆ. ಸುರುಳಿ ಸ್ಪ್ರಿಂಗಿನ ಬಿಗುವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ನೇರವಾಗಿಯೂ, ಸುತ್ತುಗಳ ಸಂಖ್ಯೆಗೆ ವಿಲೋಮವಾಗಿಯೂ ಇರುತ್ತದೆ. ಎಂಟು ಸುತ್ತಿನ ಸ್ಪ್ರಿಂಗೊಂದು ಪ್ರತಿ ಮಿಲಿಮೀಟರಿಗೆ 3 ಕಿಲೋಗ್ರಾಂ ತಾಳುವುದೆಂದೂ, ಅದರ ಮೇಲೆ 300 ಕಿಲೋಗ್ರಾಂ ಭಾರವಿದೆಯೆಂದೂ ಭಾವಿಸೋಣ. ಅದು 100 ಮಿಲಿಮೀಟರ್ ಕುಗ್ಗುತ್ತದೆ. 40 ಮಿಲಿಮೀಟರಿನ ಒಂದು ಸುತ್ತನ್ನು ಕತ್ತರಿಸಿದರೆ ಬಿಗುವು ಸುಮಾರು 3.43ಕ್ಕೆ ಏರಿ, ಕುಗ್ಗುವಿಕೆ 87.5 ಮಿಲಿಮೀಟರಿಗೆ ಇಳಿಯುತ್ತದೆ. ಆದುದರಿಂದ ಕಾರು ತಗ್ಗುವುದು 40 ಅಲ್ಲ, 27.5 ಮಿಲಿಮೀಟರ್ ಮಾತ್ರ. ಹಾಗೆಂದು ತಗ್ಗಾದುದೆಲ್ಲ ಬಿಗಿಯಾಗಿರಬೇಕೆಂಬ ನಿಯಮವಿಲ್ಲ. 1962ರ ಲೋಟಸ್ ಎಲಾನ್ ತಗ್ಗಾಗಿದ್ದೂ ಮೆತ್ತನೆಯ ಸ್ಪ್ರಿಂಗುಗಳಿಗೆ ಹೆಸರಾಯಿತು.

ಈಗ ಚಕ್ಕಡಿಗೆ ಮರಳೋಣ. ಕಾರಿನ ಭಾರ ಬಹುಮಟ್ಟಿಗೆ ಸ್ಥಿರ. ಚಕ್ಕಡಿಯದು ಬರಿದಾದಾಗ ಒಂದು, ಹೊರೆ ತುಂಬಿದಾಗ ಅದರ ಹಲವು ಪಟ್ಟು. ಮೆತ್ತನೆಯ ಸ್ಪ್ರಿಂಗು ತುಂಬಿದ ಹೊರೆಗೆ ಪೂರ್ತಿ ಕುಸಿಯುತ್ತದೆ. ಹೊರೆಗೆ ತಕ್ಕಂತೆ ಬಿಗಿಗೊಳಿಸಿದರೆ ಬರಿಯ ಗಾಡಿಯಲ್ಲಿ ಅದು ಮಣಿಯುವುದೇ ಅಪರೂಪ. ಎತ್ತಿನ ನಡಿಗೆಯ ವೇಗದಲ್ಲಿ, ಎರೆಮಣ್ಣಿನ ಜಾಡಿನಲ್ಲಿ, ದೊಡ್ಡ ಗಾಲಿಯೇ ಹೆಚ್ಚು ಉಪಯುಕ್ತವಾಯಿತೆಂದು ನಮ್ಮ ಅಭಿಪ್ರಾಯ.

ಆದರೆ ಈ ವಾದದಿಂದ ಚಕ್ಕಡಿಯನ್ನು ವೈಭವೀಕರಿಸಲಾಗದು. ಕಾಳಿನ ಚೀಲಕ್ಕೆ ತಟ್ಟದ ಕುಲುಕಾಟ, ಅದೇ ಗಾಡಿಯಲ್ಲಿ ಮಲಗಿ ವೈದ್ಯರಲ್ಲಿಗೆ ಹೊರಟ ರೋಗಿಯ ಮೈಗೆ ತಟ್ಟದಿರಲಿಲ್ಲ. ಹೊರೆಗೆ ಯುಕ್ತವಾದುದು ಮನುಷ್ಯನಿಗೂ ಯುಕ್ತವಾಗಬೇಕಿಲ್ಲ. ವಾಹನಗಳ ಇತಿಹಾಸವನ್ನು ಬರೆಯುವವರು ಹೊರೆ, ದಾರಿ, ವೇಗಗಳ ಜೊತೆಗೆ ಗಾಡಿಯಲ್ಲಿ ಕುಳಿತವರನ್ನೂ ಲೆಕ್ಕಕ್ಕೆ ತರಬೇಕು.