ಮಿಠಾಯಿಯ ಹೊದಿಕೆ

ಹುಲ್ಲಹಳ್ಳಿಯ ಬಳಿ ಕಪಿಲೆಗೆ ಅಡ್ಡಲಾಗಿ ಹಳೆಯ ಅಣೆಕಟ್ಟೆಯೊಂದಿದೆ. ಅಲ್ಲಿಂದ ಹೊರಟ ನಾಲೆಗಳು ಗದ್ದೆಗಳಿಗೆ ನೀರುಣಿಸುತ್ತವೆ. ಹೊಳೆಯು ಮುಂದೆ ನಂಜನಗೂಡನ್ನು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಊರ ಅಂಗಡಿಯ ಮುಂದೆ ಮಗು ಬಿಚ್ಚಿ ಎಸೆದ ಮಿಠಾಯಿಯ ಹೊದಿಕೆಯೂ ಮಳೆಯ ನೀರಿನೊಡನೆ ಚರಂಡಿ ಸೇರಿತೆಂದರೆ ಅದಕ್ಕೂ ಇದೇ ದಾರಿ. ಈ ಹೊದಿಕೆ ಎಲ್ಲಿಂದ ಬಂದಿತೆಂದು ನೀವು ಯೋಚಿಸಿರುವಿರಾ?

ನಂಜನಗೂಡಿನ ದೊಡ್ಡಜಾತ್ರೆಯನ್ನು ನೆನೆಯಿರಿ. ಬೆಂಡು ಬತ್ತಾಸು ರಾಶಿಯಲ್ಲಿರುತ್ತಿದ್ದವು. ಕೊಂಡವರು ಪೊಟ್ಟಣದಲ್ಲಿಯೋ ಸೆರಗಿನಲ್ಲಿಯೋ ಕಟ್ಟಿಕೊಂಡು ಹೋಗುತ್ತಿದ್ದರು. ಸಂಕ್ರಾಂತಿಯ ಸಕ್ಕರೆ ಅಚ್ಚು ಮನೆಯ ಡಬ್ಬದಲ್ಲಿ ಕಾದಿರುತ್ತಿತ್ತು. ಪೆಪ್ಪರಮೆಂಟಿಗೆ ಅಂಗಡಿಯ ಗಾಜಿನ ಭರಣಿಯೇ ಮನೆ. ಬಾಳೆಯೆಲೆ, ಮುತ್ತುಗದ ಎಲೆಗಳು ಕೆಲಸ ಮುಗಿದೊಡನೆ ಹಸುವಿನ ಬಾಯಿಗೋ ತಿಪ್ಪೆಗೋ ಸೇರುತ್ತಿದ್ದವು. ತಿನಿಸಿನ ಆಯುಷ್ಯ ಎಷ್ಟೋ, ಹೊದಿಕೆಯ ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೇ.

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆನ್ನಲಾಗದು. ಅಚ್ಚಾದ ಪತ್ರಿಕೆಯ ಮಸಿ ತಿನಿಸಿಗೆ ಅಂಟುತ್ತದೆ. ಅದರಲ್ಲಿ ಆಹಾರ ಕಟ್ಟಬಾರದೆಂದು ಇಂದು ನಿಯಮವೇ ಇದೆ. ಸಕ್ಕರೆಯಾದರೋ ಗಾಳಿಯ ತೇವವನ್ನು ಹೀರಿ ಅಂಟಂಟಾಗುತ್ತದೆ. ಊರಿಂದೂರಿಗೆ ಹೋಗಿ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬೇಕಾದ ಮಿಠಾಯಿಗೆ ಎಲೆ ಸಾಲದು.

ಈ ಕೊರತೆಗೆ ಮೊದಲ ಉತ್ತರಗಳಲ್ಲೊಂದು ಸೆಲೋಫೇನ್. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ 1908ರಲ್ಲಿ ಇದನ್ನು ಕಂಡುಹಿಡಿದನು. ಮರದ ತಿರುಳಿನಿಂದ ಮಾಡಿದ ಈ ತೆಳುಹಾಳೆಗೆ 1927ರಲ್ಲಿ ಅಮೆರಿಕದಲ್ಲಿ ತೇವ ತಡೆಯುವ ಲೇಪ ದೊರೆಯಿತು. ಲೇಪವಿಲ್ಲದ ಸೆಲೋಫೇನ್ ಮಣ್ಣಿನಲ್ಲಿ ಕೊಳೆಯುತ್ತದೆ. ಆದರೆ ಅದರ ಸ್ಥಾನವನ್ನು ಅಗ್ಗದ ಪ್ಲಾಸ್ಟಿಕ್ ಬಹುಮಟ್ಟಿಗೆ ಆಕ್ರಮಿಸಿತು. ಪ್ಲಾಸ್ಟಿಕ್ಕಿನೊಡನೆ ಅಲ್ಯೂಮಿನಿಯಮ್ಮಿನ ಪದರವನ್ನೂ ಬೆಸೆದ ಹೊದಿಕೆಗಳು ಬಂದವು. ಬೆಸೆದ ಪದರಗಳನ್ನು ಬೇರ್ಪಡಿಸುವುದು ಕಷ್ಟ. ಚೂರು ಹೊದಿಕೆಗೆ ತೂಕವೂ ಇಲ್ಲ. ಆದುದರಿಂದ ಹಳೆಯ ಸಾಮಾನು ಕೊಳ್ಳುವವನು ಅದಕ್ಕೆ ಕಾಸು ಕೊಡನು.

ಕಾನೂನು ಸುಮ್ಮನೆ ಕುಳಿತಿಲ್ಲ. ಕರ್ನಾಟಕವು 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಮರುಬಳಕೆಯಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ನಿಲ್ಲಿಸಬೇಕೆಂದು ಕೇಂದ್ರ ಸರಕಾರವು ಅದೇ ವರ್ಷ ವಿಧಿಸಿತು. 2018ರ ತಿದ್ದುಪಡಿಯು ಈ ಕಟ್ಟನ್ನು ಸಡಿಲಿಸಿತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಮಿಠಾಯಿಯ ಪ್ಲಾಸ್ಟಿಕ್ ಕಡ್ಡಿಗೂ, ಸಿಹಿಯ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಗೂ ನಿಷೇಧ ಬಂದಿತು. ಕಡ್ಡಿ ಹೋಯಿತು, ಮಿಠಾಯಿಯ ಮೈಮೇಲಿನ ಹೊದಿಕೆ ಮಾತ್ರ ಉಳಿಯಿತು. ಅದರ ಕಸದ ಹೊಣೆಯನ್ನು ತಯಾರಕರೇ ಹೊರಬೇಕೆಂಬುದು ಈಗಿನ ನಿಯಮ.

ಹೊಣೆ ಹೊರುವುದೆಂದರೆ ಒಂದೇ ವಸ್ತುವಿನ ಹೊದಿಕೆ, ಲೇಪವಿಟ್ಟ ಕಾಗದ, ಕೊಳೆಯುವ ಹಾಳೆ ಇವುಗಳತ್ತ ತಿರುಗುವುದು. ಆಹಾರವನ್ನು ಕಟ್ಟಿಡುವ ವಿದ್ಯೆಗೆ ನಮ್ಮ ಮೈಸೂರು ಹೊಸದಲ್ಲ. 1950ರಲ್ಲಿ ಇಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ ಅದಕ್ಕೆಂದೇ ಒಂದು ವಿಭಾಗವಿದೆ.

ನಿಮ್ಮ ಪಾಲಿನ ಕೆಲಸ ಚಿಕ್ಕದು. ಸಿಹಿಯಂಗಡಿಗೆ ಹೋಗುವಾಗ ಮನೆಯ ಡಬ್ಬವನ್ನು ಒಯ್ಯಿರಿ. ಎಳ್ಳು ಬೀರುವಾಗ ಪ್ಲಾಸ್ಟಿಕ್ ಪೊಟ್ಟಣವನ್ನು ಬಿಡಿರಿ. ಮಿಠಾಯಿ ಬಾಯಲ್ಲಿರುವುದು ಐದು ನಿಮಿಷ. ಅದರ ಹೊದಿಕೆ ಗದ್ದೆಯ ಮಣ್ಣಿನಲ್ಲಿ ಮಕ್ಕಳ ಕಾಲಕ್ಕೂ ಉಳಿಯುವಂತಾಗಬಾರದು.