ಕೊಳೆರೋಗವೂ ಕೃಷಿಕನ ಅರಿವೂ

ವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದೆಂಬುದು ಪಾಠಶಾಲೆಯಲ್ಲಿ ಓದಿದ ನಮ್ಮಂಥವರ ದೃಢವಾದ ನಂಬಿಕೆ. ಆದರೆ ಎರಡೆಕರೆ ತೋಟದ ಒಡೆಯನಿಗೆ ಗುರುವಾರು? ಹೊಸ ಮಾತೊಂದು ಕಿವಿಗೆ ಬಿದ್ದರೆ ಆತನು ಅದನ್ನು ಯಾವ ಪ್ರಮಾಣದಿಂದ ನಂಬುವನು? ಮಲೆನಾಡಿನ ಅಡಿಕೆಯ ಕೊಳೆರೋಗದ ಚರಿತ್ರೆಯು ಇದಕ್ಕೆ ತಕ್ಕಮಟ್ಟಿಗೆ ಉತ್ತರವನ್ನು ಕೊಡುತ್ತದೆ.

ಕೃಷಿಜ್ಞಾನವನ್ನು ಕನ್ನಡದಲ್ಲಿ ಬರೆದಿಡಬೇಕೆಂಬ ಬುದ್ಧಿ ನಮ್ಮಲ್ಲಿ ಹೊಸದಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಅಂತರ್ಜಲವನ್ನು ಗುರುತಿಸುವ ಬಗೆ, ವೃಕ್ಷಾಯುರ್ವೇದ ಮೊದಲಾದ ವಿಷಯಗಳು ಬಂದಿವೆ. ಆದರೆ ಓಲೆಗರಿಯ ಪ್ರತಿ ದೊರೆಯದವನು ಹಿರಿಯರ ಮಾತನ್ನು ಕೇಳಿ, ನೆರೆಯವನ ತೋಟವನ್ನು ನೋಡಿಯೇ ಕಲಿಯಬೇಕಾಗಿತ್ತು.

ಹಾಗೆ ಕಲಿತುದರಲ್ಲಿ ಕೊಟ್ಟೆ ಕಟ್ಟುವ ಕ್ರಮವೂ ಒಂದು. ಆಷಾಢ ಶ್ರಾವಣಗಳಲ್ಲಿ ಮಳೆ ಬಿಡದೆ ಹಿಡಿದಾಗ ಎಳೆಯ ಕಾಯಿಗಳು ಕೊಳೆತು ಉದುರುವುವು. ವರ್ಷದ ಜೀವನವೇ ಮರದ ಬುಡದಲ್ಲಿ ಚೆಲ್ಲಿಹೋಗುವುದು. ಇದನ್ನು ತಡೆಯಲು ಅಡಿಕೆಯ ಹಾಳೆ, ಕರಡದ ಹುಲ್ಲು ಇವುಗಳಿಂದ ಕೊಟ್ಟೆ ಮಾಡಿ ಕೊನೆಗಳಿಗೆ ಹೊದಿಸುತ್ತಿದ್ದರು. ರೋಗದ ಮೂಲವನ್ನರಿಯದಿದ್ದರೂ ನೀರು ಸೋಕದ ಕೊನೆ ಉಳಿಯುವುದೆಂಬುದನ್ನು ಅವರು ಕಂಡುಕೊಂಡಿದ್ದರು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಪರಿಶೀಲಿಸಿ 1910ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಫೈಟಾಫ್ತೊರವೆಂಬ ಕುಲದ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣ; ಅದು ಮಳೆಹನಿಯೊಡನೆ ಹರಡುವುದು. ಮಳೆಗೆ ಮುಂಚೆಯೇ ಕೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಅಂದಿನಿಂದ ಮಲೆನಾಡಿನಲ್ಲಿ ಕ್ರಮೇಣ ಬೇರೂರಿತು.

ಈ ಮದ್ದಿನ ಹುಟ್ಟೂ ಸ್ವಾರಸ್ಯವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಯ ರೈತರು ದಾರಿಹೋಕರು ಹಣ್ಣು ಕೀಳದಿರಲೆಂದು ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದನು. ಹೊಲದಲ್ಲಿ ಹುಟ್ಟಿದ ಅರಿವು ಪಂಡಿತನ ಕೈಯಲ್ಲಿ ಶೋಧಿತವಾಗಿ ನಮ್ಮ ತೋಟಕ್ಕೆ ಬಂದಿತು.

ಹೊಸ ಮದ್ದಿಗೆ ರೈತನು ಹಿಂಜರಿದರೆ ಅದನ್ನು ಮೌಢ್ಯವೆನ್ನಲಾಗದು. ತಪ್ಪಿದರೆ ಸಾಲ ಅವನದು, ಸಲಹೆಯಿತ್ತವರದಲ್ಲ. ಅವನಿಗೆ ಬೇಕಾದುದು ತಾನೇ ಮಾಡಿ ನೋಡಬಹುದಾದ ಪರೀಕ್ಷೆ. ಬಾಲ್ಯದಲ್ಲಿ ನಾನು ಕಂಡುದುಂಟು: ಮನೆಯ ಯಜಮಾನರು ಕದಡಿದ ದ್ರಾವಣದಲ್ಲಿ ಹೊಳೆಯುವ ಚಾಕುವನ್ನದ್ದಿ ಎತ್ತಿ ನೋಡುವರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ “ಇನ್ನಷ್ಟು ಸುಣ್ಣ ಹಾಕಿರಪ್ಪ” ಎನ್ನುವರು; ಹತ್ತದಿದ್ದರೆ ಕೊನೆಗೌಡನು ಮರವೇರುವನು. ಆ ಯಜಮಾನರಿಗೆ ರಸಾಯನಶಾಸ್ತ್ರದ ಹೆಸರೂ ತಿಳಿಯದು. ಆದರೆ ಪ್ರಮಾಣವು ಅವರ ಕೈಯಲ್ಲಿಯೇ ಇತ್ತು.

ಮುಂದೆ 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟು, ಕೃಷಿಕರೇ ತಮ್ಮ ಅನುಭವವನ್ನು ಬರೆಯುವಂತಾಯಿತು. ಇಂದು ಸಲಹೆ ನಾನಾ ಮುಖಗಳಿಂದ ಬರುತ್ತಿದೆ. ಮಾರುವವನ ಮಾತೂ ಅದರಲ್ಲಿ ಬೆರೆತಿದೆ. ಸಲಹೆ ಕೊಡುವವರು ಅದರೊಡನೆ ಒಂದು ಚಾಕುವಿನ ಪರೀಕ್ಷೆಯನ್ನೂ ಕೊಡುವರೇ ಎಂದು ಸಣ್ಣ ಹಿಡುವಳಿಯವನು ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೇ ಸರಿ.