ಸೀಸದ ಕೇಸರಿ ಹರಳು: ಗಣಿಯಿಂದ ಅರಿಶಿನದವರೆಗೆ

ರಷ್ಯಾದ ಉರಾಲ್ ಪರ್ವತ ಪ್ರದೇಶದ ಬೆರೆಜೋವ್ಸ್ಕಿ ಚಿನ್ನದ ಗಣಿಗಳಿಗೆ ಹೆಸರಾದ ಊರು. 18ನೇ ಶತಮಾನದಲ್ಲಿ ಅಲ್ಲಿ ಚಿನ್ನದ ಜೊತೆಗೆ ಕೇಸರಿಗೆಂಪು ಬಣ್ಣದ ಹರಳುಗಳೂ ಸಿಕ್ಕವು. ಜರ್ಮನಿಯ ಖನಿಜತಜ್ಞ ಯೋಹಾನ್ ಗಾಟ್‌ಲೋಬ್ ಲೇಮನ್ 1766ರಲ್ಲಿ ಅವುಗಳ ವಿವರಣೆ ಬರೆದ. ಅದರಲ್ಲಿ ಸೀಸವಿದೆ ಎಂಬುದು ತಿಳಿಯಿತು. ಆದರೆ ಆ ಬಣ್ಣ ಎಲ್ಲಿಂದ ಬಂತೆಂಬುದು ಮಾತ್ರ ಒಗಟಾಗಿಯೇ ಉಳಿಯಿತು.

ಒಗಟನ್ನು ಬಿಡಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ನಿಕೊಲಾ ವೋಕ್ಲಾ. 1797ರಲ್ಲಿ ಈ ಹರಳನ್ನು ಪರೀಕ್ಷಿಸುತ್ತಿದ್ದಾಗ ಅವನಿಗೆ ಹೊಸ ಲೋಹವೊಂದರ ಸುಳಿವು ದೊರೆಯಿತು. ಅದರ ಸಂಯುಕ್ತಗಳು ಹಳದಿ, ಕೆಂಪು, ಹಸಿರು ಎಂದು ಬಗೆಬಗೆಯ ಬಣ್ಣ ತಳೆಯುತ್ತಿದ್ದವು. ಹಾಗಾಗಿ ಗ್ರೀಕ್ ಭಾಷೆಯಲ್ಲಿ ಬಣ್ಣ ಎಂಬರ್ಥದ 'ಕ್ರೋಮ' ಪದದಿಂದ ಆ ಲೋಹಕ್ಕೆ ಕ್ರೋಮಿಯಂ ಎಂಬ ಹೆಸರು ಬಂತು. ಖನಿಜದ ಈಗಿನ ಹೆಸರು ಕ್ರೋಕೊಯಿಟ್. ಇದರ ಮೂಲವೂ ಗ್ರೀಕ್, ಅರ್ಥ ಕೇಸರಿ.

ಕ್ರೋಕೊಯಿಟ್ ಎಂದರೆ ಸೀಸ, ಕ್ರೋಮಿಯಂ ಮತ್ತು ಆಮ್ಲಜನಕ ಸೇರಿದ ಲೆಡ್ ಕ್ರೋಮೇಟ್. ನೀರಿಗಿಂತ ಸುಮಾರು ಆರು ಪಟ್ಟು ಭಾರ; ಆದರೂ ಚಾಕುವಿನಿಂದ ಗೀರಬಹುದಾದಷ್ಟು ಮೃದು. ಪುಡಿ ಮಾಡಿದರೆ ಕಿತ್ತಳೆ ಹಳದಿ.

ಇದು ಅಪರೂಪವಾಗಲು ಕಾರಣವಿದೆ. ಸೀಸ ಮತ್ತು ಕ್ರೋಮಿಯಂ ಸಾಮಾನ್ಯವಾಗಿ ಬೇರೆ ಬೇರೆ ಶಿಲೆಗಳಲ್ಲಿರುತ್ತವೆ. ಸೀಸದ ಅದಿರಾದ ಗೆಲೀನಾ ಗಾಳಿ, ನೀರು ತಾಗಿ ಶಿಥಿಲವಾಗಬೇಕು. ಹತ್ತಿರದಲ್ಲೇ ಕ್ರೋಮಿಯಂ ಇರುವ ಶಿಲೆಯಿರಬೇಕು. ಇಳಿಯುವ ನೀರು ಎರಡನ್ನೂ ಕೂಡಿಸಬೇಕು. ಆಗ ಬಂಡೆಯ ಬಿರುಕುಗಳಲ್ಲಿ ಈ ಹರಳು ಬೆಳೆಯುತ್ತದೆ. ಇಂಥ ಯೋಗ ಕೂಡಿಬಂದ ಜಾಗಗಳಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಡಂಡಾಸ್ ಹೆಸರುವಾಸಿ. 2000ದಲ್ಲಿ ಟಾಸ್ಮೇನಿಯಾ ಇದನ್ನು ತನ್ನ ಲಾಂಛನ ಖನಿಜವಾಗಿ ಘೋಷಿಸಿತು.

ನಿಸರ್ಗ ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಮನುಷ್ಯ 19ನೇ ಶತಮಾನದಲ್ಲಿ ಕಾರ್ಖಾನೆಯಲ್ಲೇ ತಯಾರಿಸತೊಡಗಿದ. ಅದೇ 'ಕ್ರೋಮ್ ಹಳದಿ' ಬಣ್ಣ. ವ್ಯಾನ್ ಗೋ 1888ರಲ್ಲಿ ಬಿಡಿಸಿದ ಸೂರ್ಯಕಾಂತಿ ಚಿತ್ರಗಳ ಹಳದಿಯೂ ಇದೇ.

ಚಿತ್ರಪಟದಲ್ಲಿ ಚೆಂದ ಕಂಡ ಈ ಬಣ್ಣ ಅಡುಗೆಮನೆಯನ್ನೂ ಹೊಕ್ಕಿತು. ಮಂಕಾದ ಅರಿಶಿನದ ಕೊಂಬಿಗೆ ಹೊಳಪು ಕೊಡಲು ಕೆಲವು ವ್ಯಾಪಾರಿಗಳು ಲೆಡ್ ಕ್ರೋಮೇಟ್ ಬೆರೆಸಿದರು. ಸೀಸ ದೇಹ ಸೇರಿದರೆ ಮಕ್ಕಳ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಮಾರುಕಟ್ಟೆ ಅರಿಶಿನದ ಮಾದರಿಗಳ ಪೈಕಿ ಶೇ 47ರಲ್ಲಿ ಸೀಸ ಕಂಡುಬಂತು. ಅಲ್ಲಿನ ಸರ್ಕಾರ ದಾಳಿ, ದಂಡ ಹಾಗೂ ಪ್ರಚಾರಕ್ಕೆ ಇಳಿಯಿತು. 2021ರ ಪರೀಕ್ಷೆಯಲ್ಲಿ ಆ ಪ್ರಮಾಣ ಶೂನ್ಯಕ್ಕೆ ಬಂದಿತ್ತು. ಅರಿಶಿನದಲ್ಲಿ ಲೆಡ್ ಕ್ರೋಮೇಟ್ ಇರಕೂಡದೆಂದು ಭಾರತದ ಆಹಾರ ನಿಯಮಗಳೂ ಹೇಳುತ್ತವೆ.

ಕ್ರೋಕೊಯಿಟ್ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದರೆ ನೋಡಲು ಚೆಂದ. ಅದರ ಬಣ್ಣ ಸಾರಿನ ಪಾತ್ರೆಗೆ ಬೀಳಬಾರದು, ಅಷ್ಟೆ. ಕೊಳ್ಳುವವರು ಅತಿಯಾಗಿ ಹೊಳೆಯುವ ಅರಿಶಿನವನ್ನೇ ಆರಿಸುವ ಅಭ್ಯಾಸ ಬಿಟ್ಟರೆ, ಬೆರೆಸುವವನಿಗೂ ಲಾಭ ಉಳಿಯದು.